ಒಂದೇ ಬಗೆಯ ಜ್ವರ, ಬೇರೆ ಬೇರೆ ರೋಗ: ಉಣ್ಣೆ ಮತ್ತು ನುಸಿಯಿಂದ ಹರಡುವ ಕಾಯಿಲೆಗಳ ತುಲನಾತ್ಮಕ ಪಾಠ

(ಗ್ರಾಮ ಪಂಚಾಯತಿ ಸದಸ್ಯರು, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗಳು ಸಭೆಯಲ್ಲಿ ಓದಿ ಚರ್ಚಿಸುವ ಸಲುವಾಗಿ)

ಮಲೆನಾಡಿನ ತಾಲ್ಲೂಕುಗಳಲ್ಲಿ ಭತ್ತದ ಕೊಯ್ಲು ಮುಗಿದು, ಜನರು ಸೊಪ್ಪು ಮತ್ತು ತರಗೆಲೆಗಾಗಿ ಬೆಟ್ಟಕ್ಕೆ ಹೋಗಲು ಆರಂಭಿಸುವ ಕಾಲಕ್ಕೆ ಸರಿಯಾಗಿ ಜ್ವರದ ಪ್ರಕರಣಗಳೂ ಕಾಣಿಸಿಕೊಳ್ಳುತ್ತವೆ. ಆ ಜ್ವರವನ್ನು ಕಂಡೊಡನೆ ಊರಿನವರ ಬಾಯಲ್ಲಿ ಬರುವ ಮೊದಲ ಮಾತು ‘ಮಂಗನ ಕಾಯಿಲೆ’. ಈ ಭಯ ಆಧಾರವಿಲ್ಲದ್ದಲ್ಲ. ಆದರೆ ಇದೇ ಭಯದಿಂದ ಇನ್ನೊಂದು ತೊಂದರೆಯೂ ಹುಟ್ಟಿಕೊಂಡಿದೆ. ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆ ಇಲ್ಲವೆಂದು ವರದಿ ಬಂದ ಕೂಡಲೇ ರೋಗಿಯ ಮನೆಯವರು ‘ಸದ್ಯ, ಪಾರಾದೆವು’ ಎಂದು ನಿಟ್ಟುಸಿರು ಬಿಟ್ಟು ಊರಿಗೆ ಮರಳುತ್ತಾರೆ. ಜ್ವರ ಮಾತ್ರ ಹಾಗೆಯೇ ಉಳಿದಿರುತ್ತದೆ. ಈ ನಿಟ್ಟುಸಿರು ಏಕೆ ಅಪಾಯಕಾರಿ ಎಂಬುದನ್ನು ತಿಳಿಸುವುದೇ ಪ್ರಸ್ತುತ ಪಾಠದ ಮುಖ್ಯ ಉದ್ದೇಶವಾಗಿದೆ.

ಮೂವರು ರೋಗಿಗಳು

ಕಲಿಕೆಯ ಅನುಕೂಲಕ್ಕಾಗಿ ಮೂವರು ಕಲ್ಪಿತ ರೋಗಿಗಳನ್ನು ಎದುರಿಗೆ ಇಟ್ಟುಕೊಳ್ಳೋಣ. ಜನವರಿ ತಿಂಗಳ ಒಂದು ಬೆಳಿಗ್ಗೆ ಮೂವರೂ ಒಂದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಕುಳಿತಿದ್ದಾರೆ. ಒಬ್ಬರು ಅಡಿಕೆ ತೋಟಕ್ಕೆಂದು ಸೊಪ್ಪಿನಬೆಟ್ಟದಲ್ಲಿ ದರಕು ಗುಡಿಸಿ ತರುವ ಮೂವತ್ತೆಂಟು ವರ್ಷದ ಮಹಿಳೆ. ನಾಲ್ಕು ದಿನದ ಹಿಂದೆ ಇದ್ದಕ್ಕಿದ್ದಂತೆ ಜ್ವರ ಬಂದಿದೆ. ಎರಡನೆಯವರು ಐವತ್ತು ವರ್ಷದ ರೈತರು. ಪಾಳುಬಿದ್ದ ಜಮೀನಿನ ಪೊದೆ ಕಡಿಸಿ ಹಸನು ಮಾಡಿದ್ದಾರೆ, ಎಂಟು ದಿನದಿಂದ ಜ್ವರವಿದೆ, ಎರಡು ಕಡೆ ಚುಚ್ಚುಮದ್ದು ಹಾಕಿಸಿಕೊಂಡರೂ ಇಳಿದಿಲ್ಲ. ಮೂರನೆಯವನು ಆರು ವರ್ಷದ ಬಾಲಕ. ಬೆಟ್ಟ, ಗದ್ದೆ ಯಾವುದನ್ನೂ ತುಳಿದವನಲ್ಲ, ಮನೆಯ ನಾಯಿಯೊಂದಿಗೆ ಆಡುವುದಷ್ಟೇ ಅವನ ಕೆಲಸ. ಅವನಿಗೆ ಐದು ದಿನದ ಜ್ವರ, ಮೈಮೇಲೆ ದದ್ದು.

ಮೂವರಿಗೂ ಜ್ವರ, ತಲೆನೋವು, ಮೈಕೈ ನೋವು, ವಾಂತಿ ಇವೆ. ಮೂವರ ರಕ್ತದಲ್ಲಿಯೂ ಪ್ಲೇಟ್‌ಲೆಟ್ ಕಡಿಮೆಯಾಗಿದೆ. ಪ್ಲೇಟ್‌ಲೆಟ್ ಕಡಿಮೆಯಾದರೆ ಡೆಂಗಿ ಎಂದೇ ತಿಳಿಯುವ ರೂಢಿ ಈಗ ಊರೂರಲ್ಲಿದೆ. ಈ ಮೂರರಲ್ಲಿ ಯಾವುದೂ ಡೆಂಗಿಯಲ್ಲ. ಮೊದಲನೆಯದು ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಮಂಗನ ಕಾಯಿಲೆ. ಎರಡನೆಯದು ಸ್ಕ್ರಬ್ ಟೈಫಸ್. ಮೂರನೆಯದು ಉಣ್ಣೆಯ ಟೈಫಸ್, ವೈದ್ಯರ ಭಾಷೆಯಲ್ಲಿ ಇಂಡಿಯನ್ ಟಿಕ್ ಟೈಫಸ್. ಮೊದಲನೆಯದಕ್ಕೆ ನಿರ್ದಿಷ್ಟ ಔಷಧವಿಲ್ಲ. ಉಳಿದೆರಡಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ದೊರೆಯುವ, ಬೆಲೆಯಲ್ಲಿ ಅತಿ ಅಗ್ಗವಾದ ಮಾತ್ರೆಯಿದೆ. ತಡವಾಗಿ ಕೊಟ್ಟರೆ ಅದರಿಂದ ಪ್ರಯೋಜನ ಕಡಿಮೆ. ಮೂವರನ್ನೂ ಒಂದೇ ಹೆಸರಿನಿಂದ ಕರೆದರೆ ಆಗುವ ನಷ್ಟವೇನೆಂಬುದು ಇಷ್ಟರಿಂದಲೇ ಸ್ಪಷ್ಟವಾಗುತ್ತದೆ.

ಮಂಗನ ಕಾಯಿಲೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿ, ಆಸುಪಾಸಿನ ಹಳ್ಳಿಗಳ ಜನರೂ ಜ್ವರದಿಂದ ಮಲಗಿದಾಗ ಈ ರೋಗದ ವೈರಾಣುವನ್ನು ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗುರುತಿಸಿದರು. ಬಹುಕಾಲ ಶಿವಮೊಗ್ಗ ಮತ್ತು ನೆರೆಯ ಜಿಲ್ಲೆಗಳಿಗೆ ಸೀಮಿತವೆಂದು ಭಾವಿಸಲಾಗಿದ್ದ ರೋಗವು 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಪಶ್ಚಿಮ ಘಟ್ಟದ ಉದ್ದಕ್ಕೂ ಕಂಡುಬಂದಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಂಭವಿಸಿದ ಸಾವುಗಳು ಹಿರಿಯ ಸದಸ್ಯರ ನೆನಪಿನಲ್ಲಿ ಇನ್ನೂ ಹಸಿಯಾಗಿವೆ.

ಹೆಸರಿನಿಂದಾಗಿ ಮಂಗವೇ ರೋಗ ಹರಡುತ್ತದೆಂಬ ತಪ್ಪು ತಿಳಿವಳಿಕೆ ಉಂಟಾಗಿದೆ. ಮಂಗವೂ ಮನುಷ್ಯನಂತೆಯೇ ರೋಗಕ್ಕೆ ತುತ್ತಾಗುವ ಜೀವಿ. ಕಪ್ಪು ಮೋರೆಯ ಮುಸಿಯ ಮತ್ತು ಕೆಂಪು ಮಂಗ ಇವೆರಡೂ ಈ ರೋಗದಿಂದ ಸಾಯುತ್ತವೆ. ರೋಗವನ್ನು ಸಾಗಿಸುವುದು ಉಣ್ಣೆ. ಉಣುಗು, ಉಣ್ಣಿ ಎಂದು ಊರಿಗೊಂದು ಹೆಸರಿದ್ದರೂ ಜೀವಿ ಒಂದೇ. ಇದರ ಜೀವನಚಕ್ರವನ್ನು ಸದಸ್ಯರು ಸ್ವಲ್ಪ ಗಮನವಿಟ್ಟು ತಿಳಿಯಬೇಕು. ನಮ್ಮ ಮುನ್ನೆಚ್ಚರಿಕೆಗಳೆಲ್ಲ ನಿಂತಿರುವುದು ಇದರ ಮೇಲೆಯೇ. ಬೆಳೆದ ಉಣ್ಣೆಯು ಮಳೆಗಾಲದಲ್ಲಿ ಕಾಡಿಗೆ ಮೇಯಲು ಹೋದ ದನ ಮೊದಲಾದ ದೊಡ್ಡ ಪ್ರಾಣಿಗಳ ರಕ್ತ ಹೀರಿ, ನೆಲಕ್ಕೆ ಬಿದ್ದು, ತರಗೆಲೆಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಮಳೆ ನಿಂತ ಮೇಲೆ ಮರಿಗಳು ಹೊರಬಂದು ಇಲಿ, ಹಕ್ಕಿ, ಮಂಗಗಳನ್ನು ಹತ್ತುತ್ತವೆ. ಮರಿ ಬೆಳೆದು ಎರಡನೆಯ ಹಂತಕ್ಕೆ ಬರುವುದು ಚಳಿಗಾಲದ ಕೊನೆಗೆ. ರಾಗಿ ಕಾಳಿಗಿಂತ ದೊಡ್ಡದಲ್ಲದ ಈ ಎಳೆಯ ಉಣ್ಣೆಯೇ ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು. ಆದ್ದರಿಂದಲೇ ರೋಗದ ಕಾಲವು ನವೆಂಬರ್-ಡಿಸೆಂಬರ್‌ನಲ್ಲಿ ಆರಂಭವಾಗಿ, ಜನವರಿಯಿಂದ ಏಪ್ರಿಲ್‌ವರೆಗೆ ತೀವ್ರವಾಗಿದ್ದು, ಮಳೆ ಬೀಳುತ್ತಿದ್ದಂತೆ ಇಳಿಯುತ್ತದೆ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಸೋಂಕಿತ ಉಣ್ಣೆಗಳು ತಣ್ಣಗಾದ ದೇಹವನ್ನು ಬಿಟ್ಟು ಸುತ್ತಲಿನ ನೆಲಕ್ಕೆ ಹರಡುತ್ತವೆ. ಸತ್ತ ಮಂಗದ ಸುತ್ತಲಿನ ಆ ಜಾಗವೇ ಅಪಾಯದ ಕೇಂದ್ರ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ರೋಗ ಆರಂಭವಾಗುತ್ತದೆ. ಅದರ ಆರಂಭ ನಿಧಾನವಾದುದಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆಗೆ ಏಳಲಾಗದಂತೆ ಮಲಗುತ್ತಾರೆ. ತೀವ್ರ ಜ್ವರ, ಹಣೆಯಲ್ಲಿ ಸಿಡಿಯುವಂತಹ ನೋವು, ಕೆಂಪಾದ ಕಣ್ಣು, ಸೊಂಟ ಮತ್ತು ಮೀನಖಂಡಗಳಲ್ಲಿ ಮುಟ್ಟಲಾಗದಷ್ಟು ನೋವು, ವಾಂತಿ, ಭೇದಿ ಇದರ ಲಕ್ಷಣಗಳು. ಮೂರು ನಾಲ್ಕು ದಿನಗಳ ನಂತರ ಕೆಲವರಿಗೆ ಮೂಗು, ವಸಡು ಅಥವಾ ಮಲದಲ್ಲಿ ರಕ್ತ ಕಾಣಿಸಬಹುದು, ರಕ್ತದೊತ್ತಡ ಕುಸಿಯಬಹುದು. ಬಹುಪಾಲು ಜನರು ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ನೂರು ರೋಗಿಗಳಲ್ಲಿ ಮೂವರಿಂದ ಐವರು ಸಾವನ್ನಪ್ಪುತ್ತಾರೆ.

ಇಲ್ಲಿ ಆಶಾ ಕಾರ್ಯಕರ್ತೆಯರು ಮರೆಯಬಾರದ ಒಂದು ವಿಷಯವಿದೆ. ನೂರರಲ್ಲಿ ಹತ್ತರಿಂದ ಇಪ್ಪತ್ತು ಜನರಿಗೆ ಜ್ವರ ಬಿಟ್ಟು, ಊಟ ಸೇರತೊಡಗಿ, ಮನೆಯವರು ನಿಶ್ಚಿಂತರಾದ ಮೇಲೆ, ಮೂರನೆಯ ವಾರದ ಸುಮಾರಿಗೆ ಜ್ವರ ಮರಳಿ ಬರುತ್ತದೆ. ಈ ಬಾರಿ ಅದು ನರಮಂಡಲದ ಕಡೆಗೆ ತಿರುಗಬಹುದು: ಅಸಹನೀಯ ತಲೆನೋವು, ಕೈ ನಡುಕ, ದೃಷ್ಟಿ ಮಂಜಾಗುವುದು, ಮಾತು ತಪ್ಪುವುದು. ಆಸ್ಪತ್ರೆಯಿಂದ ಬಿಡುಗಡೆಯಾದ ದಿನಕ್ಕೆ ಮನೆಭೇಟಿ ನಿಲ್ಲಿಸಿದರೆ ಈ ಎರಡನೆಯ ಹಂತವು ಯಾರ ಕಣ್ಣಿಗೂ ಬೀಳುವುದಿಲ್ಲ. ಜ್ವರ ಆರಂಭವಾದ ದಿನದಿಂದ ನಾಲ್ಕು ವಾರಗಳವರೆಗೆ ಭೇಟಿ ಮುಂದುವರಿಸುವುದು ಸೂಕ್ತ.

ಚಿಕಿತ್ಸೆಯೆಂದರೆ ದೇಹದ ನೀರಿನಂಶ ಕಾಪಾಡುವುದು, ರಕ್ತಸ್ರಾವ ಗಮನಿಸುವುದು, ಜ್ವರಕ್ಕೆ ಪ್ಯಾರಾಸಿಟಮಾಲ್ ನೀಡುವುದು. ಮೈಕೈ ನೋವೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ತಂದು ನುಂಗಬಾರದು. ಇವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ದಶಕಗಳ ಕಾಲ ನೀಡಲಾಗುತ್ತಿದ್ದ ಹಳೆಯ ಲಸಿಕೆಯು ನಿರೀಕ್ಷಿತ ರಕ್ಷಣೆ ನೀಡುತ್ತಿಲ್ಲವೆಂದು ಕಂಡುಬಂದುದರಿಂದ ಅದನ್ನು ನಿಲ್ಲಿಸಲಾಗಿದೆ. ಹೊಸ ಲಸಿಕೆಯ ಕೆಲಸ ನಡೆದಿದೆ. ‘ನಾನು ಹಿಂದೆ ಲಸಿಕೆ ಹಾಕಿಸಿಕೊಂಡಿದ್ದೇನೆ’ ಎಂಬ ಧೈರ್ಯದಿಂದ ಯಾರೂ ಬೆಟ್ಟಕ್ಕೆ ಹೋಗಬಾರದು.

ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ರೋಗಿಯ ಮನೆಗೆ ಹಾಲು ಹಾಕುವುದನ್ನು ನಿಲ್ಲಿಸುವುದು, ಮಕ್ಕಳನ್ನು ಶಾಲೆಗೆ ಬಾರದಂತೆ ತಡೆಯುವುದು ಅನ್ಯಾಯ. ಇಂತಹುದು ಗಮನಕ್ಕೆ ಬಂದಲ್ಲಿ ವಾರ್ಡಿನ ಸದಸ್ಯರು ತಾವೇ ಆ ಮನೆಗೆ ಹೋಗಿ ಬರುವುದು ಯಾವ ಕರಪತ್ರಕ್ಕಿಂತಲೂ ಹೆಚ್ಚು ಪರಿಣಾಮಕಾರಿ.

ಸ್ಕ್ರಬ್ ಟೈಫಸ್

ಇದು ನಿಜಾರ್ಥದಲ್ಲಿ ಉಣ್ಣೆಯಿಂದ ಬರುವ ರೋಗವಲ್ಲ. ತೆಂಗಿಗೆ ಬರುವ ನುಸಿ ಎಲ್ಲರಿಗೂ ಗೊತ್ತು. ಅದರ ದೂರದ ಬಂಧುವಾದ, ಪೊದೆ ಮತ್ತು ಹುಲ್ಲಿನಲ್ಲಿ ವಾಸಿಸುವ ಒಂದು ನುಸಿಯ ಮರಿ ಕಚ್ಚಿದಾಗ ಈ ರೋಗ ತಗಲುತ್ತದೆ. ಆ ಮರಿ ಬರಿಗಣ್ಣಿಗೆ ಕಾಣುವುದೇ ಕಷ್ಟ. ಕಚ್ಚಿದ್ದು ಅರಿವಿಗೆ ಬರುವುದಿಲ್ಲ. ಹೀಗಾಗಿ ‘ಉಣ್ಣೆ ಕಚ್ಚಿತ್ತೇ?’ ಎಂಬ ಪ್ರಶ್ನೆಗೆ ರೋಗಿ ‘ಇಲ್ಲ’ ಎನ್ನುತ್ತಾರೆ, ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಉಣ್ಣೆಯ ರೋಗಗಳ ಪಾಠದಲ್ಲಿ ಇದನ್ನು ಸೇರಿಸಿರುವುದಕ್ಕೆ ಕಾರಣವೂ ಇದೇ. ಅದೇ ಊರು, ಹೆಚ್ಚುಕಡಿಮೆ ಅದೇ ಕೆಲಸ, ಅದೇ ಬಗೆಯ ಜ್ವರ. ಕಾಲದಲ್ಲಿ ಮಾತ್ರ ತುಸು ವ್ಯತ್ಯಾಸವಿದೆ. ಇದು ಮಳೆಗಾಲದ ಉತ್ತರಾರ್ಧದಲ್ಲಿ ಆರಂಭವಾಗಿ ಚಳಿಗಾಲದವರೆಗೆ ಹೆಚ್ಚು. ಡಿಸೆಂಬರ್, ಜನವರಿಯಲ್ಲಿ ಎರಡೂ ರೋಗಗಳ ಕಾಲ ಒಂದರ ಮೇಲೊಂದು ಬೀಳುತ್ತದೆ.

ಕಚ್ಚಿದ ಒಂದು ವಾರದಿಂದ ಮೂರು ವಾರಗಳೊಳಗೆ ಜ್ವರ ಬರುತ್ತದೆ. ಕಚ್ಚಿದ ಜಾಗದಲ್ಲಿ ಬೀಡಿಯ ಕೆಂಡ ತಾಗಿದಂತೆ ಒಂದು ಕಪ್ಪು ಹಕ್ಕಳೆ ಕಟ್ಟಿ ಸುತ್ತ ಕೆಂಪಾಗಿರುತ್ತದೆ. ನೋವಿಲ್ಲ, ತುರಿಕೆಯಿಲ್ಲ, ಆದ್ದರಿಂದ ರೋಗಿ ತಾನಾಗಿ ಹೇಳುವುದಿಲ್ಲ. ಅದು ಇರುವುದೂ ಸಾಮಾನ್ಯವಾಗಿ ಬಟ್ಟೆ ಮುಚ್ಚಿದ ಕಡೆಯಲ್ಲಿ: ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಅಡಿ, ಸ್ತನದ ಕೆಳಗೆ, ಗುಪ್ತಾಂಗದ ಬಳಿ, ಕಿವಿಯ ಹಿಂದೆ, ಕೂದಲಿನೊಳಗೆ. ಬೆವರು ನಿಲ್ಲುವ ಸಂದುಗಳಲ್ಲಿ ಕಪ್ಪು ಹಕ್ಕಳೆ ಉದುರಿ ಬರಿಯ ಸಣ್ಣ ಹುಣ್ಣಷ್ಟೇ ಉಳಿದಿರಬಹುದು. ಗಂಡಸರು ತುಂಬಿರುವ ಕೊಠಡಿಯಲ್ಲಿ ಮಹಿಳಾ ರೋಗಿಯೊಬ್ಬರು ಈ ಗಾಯವನ್ನು ತೋರಿಸುವರೆಂದು ನಿರೀಕ್ಷಿಸುವುದು ಸರಿಯಲ್ಲ. ಜ್ವರದ ಮಹಿಳೆಯ ಜೊತೆ ಹೋದ ಆಶಾ ಕಾರ್ಯಕರ್ತೆ ಅಥವಾ ಕೇಂದ್ರದ ಶುಶ್ರೂಷಾಧಿಕಾರಿಯು ಮರೆಯಲ್ಲಿ ಕರೆದೊಯ್ದು ನೋಡಬೇಕು. ಗಾಯ ಸಿಕ್ಕಿದರೆ ರೋಗ ಬಹುಮಟ್ಟಿಗೆ ಗೊತ್ತಾದಂತೆಯೇ. ಸಿಗದಿದ್ದರೆ ರೋಗವಿಲ್ಲ ಎಂದರ್ಥವಲ್ಲ. ಎಷ್ಟೋ ರೋಗಿಗಳಲ್ಲಿ ಅದು ಇರುವುದೇ ಇಲ್ಲ.

ಡಾಕ್ಸಿಸೈಕ್ಲಿನ್ ಎಂಬ ಮಾತ್ರೆ ಆರಂಭಿಸಿದರೆ ಬಹುಪಾಲು ರೋಗಿಗಳಲ್ಲಿ ಎರಡು ದಿನಗಳೊಳಗೆ ಜ್ವರ ಇಳಿಯುತ್ತದೆ. ಗರ್ಭಿಣಿಯರಿಗೆ ಅಜಿತ್ರೊಮೈಸಿನ್ ನೀಡಲಾಗುತ್ತದೆ. ಇಷ್ಟು ಸುಲಭವಾಗಿ ಗುಣವಾಗುವ ರೋಗವು ಮೊದಲ ವಾರದಲ್ಲಿ ಗುರುತಾಗದೆ ಎರಡನೆಯ ವಾರಕ್ಕೆ ಕಾಲಿಟ್ಟಾಗ ಶ್ವಾಸಕೋಶ, ಮೂತ್ರಪಿಂಡ, ಮಿದುಳನ್ನು ಹಿಡಿಯುತ್ತದೆ; ಆಗ ತೀವ್ರ ನಿಗಾ ಘಟಕವೇ ಗತಿ. ರಕ್ತಪರೀಕ್ಷೆಯು ಆರಂಭದ ದಿನಗಳಲ್ಲಿ ರೋಗವನ್ನು ತೋರಿಸದೆಯೂ ಇರಬಹುದು. ಆದ್ದರಿಂದ ಬಲವಾದ ಸಂಶಯವಿದ್ದಲ್ಲಿ ವರದಿಗಾಗಿ ಕಾಯದೆ ಔಷಧ ಆರಂಭಿಸಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ. ಔಷಧದ ನಿರ್ಧಾರ ವೈದ್ಯಾಧಿಕಾರಿಯದು. ಆದರೆ ಸಂಶಯ ಮೂಡಿಸುವ ಮಾಹಿತಿ ಬರಬೇಕಾದುದು ಊರಿನಿಂದ.

ಹೆಸರಿನ ಗೊಂದಲವೊಂದನ್ನು ಇಲ್ಲಿಯೇ ನಿವಾರಿಸಬೇಕಾಗಿದೆ. ಟೈಫಸ್ ಬೇರೆ, ಟೈಫಾಯ್ಡ್ ಬೇರೆ. ಟೈಫಾಯ್ಡ್ ಕಲುಷಿತ ನೀರು, ಆಹಾರದಿಂದ ಬರುತ್ತದೆ. ಅದಕ್ಕೆ ಕೊಡುವ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದನ್ನು ಎಷ್ಟು ದಿನ ಹಾಕಿಸಿಕೊಂಡರೂ ಟೈಫಸ್ ಜಗ್ಗುವುದಿಲ್ಲ. ನಮ್ಮ ಎರಡನೆಯ ರೋಗಿ ಎಂಟು ದಿನ ಕಳೆದದ್ದು ಹೀಗೆಯೇ.

ಉಣ್ಣೆಯ ಟೈಫಸ್

ನಾಯಿಯ ಕಿವಿ, ಕುತ್ತಿಗೆ, ಬೆರಳ ಸಂದುಗಳಲ್ಲಿ ಅಂಟಿಕೊಂಡಿರುವ ಕಂದು ಉಣ್ಣೆಯನ್ನು ಎಲ್ಲರೂ ಕಂಡಿದ್ದಾರೆ. ಇದು ಗೋಡೆಯ ಬಿರುಕಿನಲ್ಲಿಯೂ ಬದುಕಬಲ್ಲದು; ಕಾಡು ಬೇಕಿಲ್ಲ. ಆದ್ದರಿಂದ ಬಯಲುಸೀಮೆಯ ತಾಲ್ಲೂಕುಗಳೂ ಇದನ್ನು ತಮಗೆ ಸಂಬಂಧಿಸದ ವಿಷಯವೆಂದು ಬದಿಗಿಡುವಂತಿಲ್ಲ. ಜ್ವರ ಬಂದ ಮೂರರಿಂದ ಐದನೆಯ ದಿನದ ಸುಮಾರಿಗೆ ಕೈಮಣಿಕಟ್ಟು ಮತ್ತು ಕಾಲಿನ ಹರಡಿನ ಬಳಿ ಕೆಂಪು ದದ್ದುಗಳು ಆರಂಭವಾಗಿ ಮೈಗೆ ಹರಡುತ್ತವೆ. ಅಂಗೈ ಮತ್ತು ಅಂಗಾಲಿನಲ್ಲಿಯೂ ಕಾಣಿಸುತ್ತವೆ. ದಡಾರದ ದದ್ದು ಹೀಗಲ್ಲ. ಅದು ಕಿವಿಯ ಹಿಂದೆ, ಮುಖದಲ್ಲಿ ಆರಂಭವಾಗಿ ಕೆಳಗಿಳಿಯುತ್ತದೆ, ಜೊತೆಗೆ ಕೆಮ್ಮು, ನೆಗಡಿ ಇರುತ್ತವೆ.

ಈ ವ್ಯತ್ಯಾಸವನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಗುವಿನ ಮೈಮೇಲೆ ದದ್ದು ಕಂಡರೆ ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಕಟ್ಟಿ, ಔಷಧ ಕೊಡಬಾರದೆಂದು ಮನೆಯಲ್ಲಿಯೇ ಇರಿಸಿಕೊಳ್ಳುವ ಪದ್ಧತಿ ಇನ್ನೂ ಹಲವೆಡೆ ಇದೆ. ಹಿರಿಯರ ನಂಬಿಕೆಯನ್ನು ಹೀಗಳೆಯದೆ, ‘ಅಜ್ಜಿ, ಒಮ್ಮೆ ಮಗುವಿನ ಅಂಗೈ, ಅಂಗಾಲು ನೋಡೋಣ’ ಎಂದು ಹೇಳಿ ನೋಡುವುದು ಕಾರ್ಯಕರ್ತೆಗೆ ಸಾಧ್ಯ. ಅಲ್ಲಿ ದದ್ದು ಇದ್ದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಉಪೇಕ್ಷಿಸಿದಲ್ಲಿ ದದ್ದುಗಳು ನೇರಳೆಗೆ ತಿರುಗಿ, ಕೆಲವು ಮಕ್ಕಳಲ್ಲಿ ಬೆರಳ ತುದಿ, ಕಿವಿಯ ಅಂಚು ಕಪ್ಪಾಗಿ ಕೊಳೆಯುವ ಹಂತಕ್ಕೆ ಹೋಗುತ್ತದೆ. ಔಷಧ ಇದಕ್ಕೂ ಡಾಕ್ಸಿಸೈಕ್ಲಿನ್. ಚಿಕ್ಕ ಮಕ್ಕಳ ಹಲ್ಲು ಕಲೆಯಾದೀತೆಂಬ ಹಳೆಯ ಅಂಜಿಕೆಯಿಂದ ಪೋಷಕರು ಹಿಂಜರಿಯಬಾರದು. ಈ ರೋಗದಲ್ಲಿ ವೈದ್ಯರು ಅಲ್ಪಾವಧಿಗೆ ಕೊಡುವ ಔಷಧದಿಂದಾಗುವ ಲಾಭ ಆ ಅಂಜಿಕೆಗಿಂತ ಬಹಳ ದೊಡ್ಡದು.

ಕೇಳಿಬರುವ ಇತರ ಹೆಸರುಗಳು

ಮೊಬೈಲಿನಲ್ಲಿ ಹುಡುಕಿದವರು ಲೈಮ್ ರೋಗದ ಬಗ್ಗೆ, ಬಿಲ್ಲೆಯಂತೆ ಹರಡುವ ಕೆಂಪು ಉಂಗುರದ ಬಗ್ಗೆ ಕೇಳುವುದುಂಟು. ಅದು ಮುಖ್ಯವಾಗಿ ಅಮೆರಿಕ, ಯುರೋಪುಗಳ ಸಮಸ್ಯೆ, ನಮ್ಮಲ್ಲಿ ವಿರಳ. ಕ್ರಿಮಿಯನ್ ಕಾಂಗೋ ಜ್ವರವು 2011ರಲ್ಲಿ ಗುಜರಾತಿನಲ್ಲಿ ಕಾಣಿಸಿಕೊಂಡಿತು. ಇದು ಉಣ್ಣೆಯ ರೋಗವೇ ಆದರೂ ರೋಗಿಯ ರಕ್ತದ ಸಂಪರ್ಕದಿಂದ ಶುಶ್ರೂಷೆ ಮಾಡುವವರಿಗೂ ಹರಡುತ್ತದೆ; ಈ ಅಂಶದಲ್ಲಿ ಮಂಗನ ಕಾಯಿಲೆಗಿಂತ ತೀರ ಭಿನ್ನ. ಜಾನುವಾರುಗಳಲ್ಲಿ ಉಣ್ಣೆಯಿಂದ ಬರುವ ಥೈಲೇರಿಯಾ, ಮೂತ್ರ ಕೆಂಪಾಗುವ ಬೆಬೇಸಿಯಾ ರೋಗಗಳು ಹೈನುಗಾರರಿಗೆ ಪರಿಚಿತ. ದನಗಳ ಈ ರೋಗ ಮನೆಯವರಿಗೆ ಅಂಟುವ ಭಯವಿಲ್ಲ. ಆದರೆ ಮಿಶ್ರತಳಿ ಹಸುವಿನ ಜೀವಕ್ಕೆ ಅಪಾಯವಿರುವುದರಿಂದ ಪಶುವೈದ್ಯರಿಗೆ ತೋರಿಸಲು ತಡಮಾಡಬಾರದು.

ಊರಿನಲ್ಲಿ ಮಾಡಬೇಕಾದುದು

ಬೆಟ್ಟಕ್ಕೆ ಹೋಗಬೇಡಿ ಎಂದು ಫಲಕ ಹಾಕುವುದು ಸುಲಭ. ದರಕಿಲ್ಲದೆ ಕೊಟ್ಟಿಗೆಯ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ ಎಂಬುದನ್ನು ಬಲ್ಲವರು ಹಾಗೆ ಹೇಳಿ ಸುಮ್ಮನಾಗಲಾರರು. ಸಾಧ್ಯವಿದ್ದಷ್ಟು ತರಗೆಲೆ ಸಂಗ್ರಹವನ್ನು ರೋಗದ ಕಾಲ ಬಲಗೊಳ್ಳುವ ಮೊದಲೇ ಮುಗಿಸಿಕೊಳ್ಳುವುದು, ಮಂಗ ಸತ್ತ ಜಾಗದ ಸುತ್ತಲಿನ ದರಕನ್ನು ಆ ವರ್ಷ ಮುಟ್ಟದಿರುವುದು ಇವು ಪಾಲಿಸಬಹುದಾದ ನಿಯಮಗಳು. ಹೋಗಲೇಬೇಕಾದವರು ಆರೋಗ್ಯ ಇಲಾಖೆ ನೀಡುವ ಡೆಪಾ ತೈಲವನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಬೇಕು; ಕಾಡಿನಲ್ಲಿ ನೆಲದ ಮೇಲೆ ಕುಳಿತು ಬುತ್ತಿ ಬಿಚ್ಚಬಾರದು. ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈಯನ್ನು ಸಂದುಗೊಂದಿಯವರೆಗೆ ನೋಡಿಕೊಳ್ಳಬೇಕು.

ಅಂಟಿಕೊಂಡ ಉಣ್ಣೆಯನ್ನು ಚಿಮುಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನಿಧಾನವಾಗಿ ನೇರಕ್ಕೆ ಎಳೆಯಬೇಕು. ಸೀಮೆಎಣ್ಣೆ, ಸುಣ್ಣ, ಬೀಡಿಯ ಕಿಡಿ ಬೇಡ. ಉಗುರಿನಲ್ಲಿ ಹಿಸುಕುವ ಅಭ್ಯಾಸವಂತೂ ಬಿಡಲೇಬೇಕು. ನಂತರ ಸೋಪಿನಿಂದ ತೊಳೆದು, ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಮುಂದೆ ಜ್ವರ ಬಂದಾಗ ವೈದ್ಯರಿಗೆ ಬಹಳ ಉಪಯೋಗವಾಗುತ್ತದೆ.

ಮಂಗ ಸತ್ತ ಸುದ್ದಿ ಅದೇ ದಿನ ಗ್ರಾಮ ಪಂಚಾಯತಿ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಅರಣ್ಯ ಇಲಾಖೆಗೆ ತಲುಪಬೇಕು. ಕುತೂಹಲದಿಂದ ಹತ್ತಿರ ಹೋಗುವುದು, ಊರವರೇ ಹೂಳುವುದು ಕೂಡದು.

ಜ್ವರದ ರೋಗಿಯನ್ನು ಮೇಲಿನ ಆಸ್ಪತ್ರೆಗೆ ಕಳುಹಿಸುವಾಗ ಚೀಟಿಯಲ್ಲಿ ‘ಜ್ವರ’ ಎಂದಷ್ಟೇ ಬರೆಯದೆ, ಜ್ವರ ಆರಂಭವಾದ ದಿನಾಂಕ, ಹಿಂದಿನ ಮೂರು ವಾರಗಳಲ್ಲಿ ಎಲ್ಲಿ ಯಾವ ಕೆಲಸ ಮಾಡಿದರು, ಹತ್ತಿರದಲ್ಲಿ ಮಂಗ ಸತ್ತಿತ್ತೇ, ಮನೆಯಲ್ಲಿ ಉಣ್ಣೆಯಿರುವ ನಾಯಿಯಿದೆಯೇ, ಮೈಮೇಲೆ ಕಪ್ಪು ಹಕ್ಕಳೆ ಹುಡುಕಲಾಯಿತೇ, ಅಂಗೈ ಅಂಗಾಲಿನಲ್ಲಿ ದದ್ದು ಇದೆಯೇ, ಈವರೆಗೆ ಯಾವ ಔಷಧ ನೀಡಲಾಗಿದೆ ಎಂಬುದನ್ನು ನಮೂದಿಸತಕ್ಕದ್ದು. ಮಂಗನ ಕಾಯಿಲೆ ಇಲ್ಲವೆಂದು ವರದಿ ಬಂದ ರೋಗಿಗೆ ಜ್ವರ ಮುಂದುವರಿದಿದ್ದರೆ, ಅವರನ್ನು ಪಟ್ಟಿಯಿಂದ ತೆಗೆಯದೆ ಮರುದಿನವೇ ಪುನಃ ವೈದ್ಯಾಧಿಕಾರಿಗೆ ತೋರಿಸಿ, ಟೈಫಸ್ ಬಗ್ಗೆ ಪರಿಶೀಲಿಸಲು ಕೋರತಕ್ಕದ್ದು.

ಈ ಪಾಠವನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಓದಿ ಹೇಳಿ, ಡೆಪಾ ತೈಲದ ದಾಸ್ತಾನು ಎಷ್ಟಿದೆ ಮತ್ತು ಬೆಟ್ಟಕ್ಕೆ ಹೋಗುವ ಕುಟುಂಬಗಳು ಎಷ್ಟು ಎಂಬುದನ್ನು ಸಭೆಯ ನಡವಳಿಯಲ್ಲಿ ದಾಖಲಿಸುವುದು.